ಇಡೀ ಕ್ಯಾಂಪು ತಿರುಗಿ ನೋಡುವ ಡ್ರಿಲ್ಲು

ಹಾಸಿಗೆ, ಒಲೆ ಎಲ್ಲ ಇರುವ ಪ್ರವಾಸದ ವ್ಯಾನು ಕೊಂಡಿದ್ದ ನಿವೃತ್ತ ಅಧಿಕಾರಿ ನಂಜರಾಜಯ್ಯ ಹಾರ್ಡ್‌ವೇರ್ ಅಂಗಡಿಗೆ ಬಂದವರೇ ಗುಡುಗಿದರು: "ತೂತು ಕೊರೆಯೋ ಬ್ಯಾಟರಿ ಡ್ರಿಲ್ಲು ಕೊಡಮ್ಮಾ. ಒತ್ತಿದರೆ ಇಡೀ ಕ್ಯಾಂಪು ತಿರುಗಿ ನೋಡಬೇಕು!"

ಅಂಗಡಿಯಲ್ಲಿ ಉಳಿದಿದ್ದದ್ದು ಒಂದೇ ಒಂದು ಪುಟ್ಟ ಡ್ರಿಲ್ಲು. ಗಿರಾಕಿ ಬರಿಗೈಲಿ ಹೋದರೆ ನೀನೂ ಮನೆಗೆ ಹೋಗು ಎಂದು ಮಾಲೀಕರು ಮಾರಾಟಗಾರ್ತಿ ಚೆನ್ನಾಜಮ್ಮನಿಗೆ ಬೆಳಗ್ಗೆಯಷ್ಟೇ ಹೇಳಿದ್ದರು.

ಚೆನ್ನಾಜಮ್ಮ ಕುತೂಹಲದಿಂದ ಕೇಳಿದಳು. "ಕ್ಯಾಂಪಲ್ಲಿ ಬೇರೆ ವ್ಯಾನುಗಳೂ ಇರ್ತವಾ ಸಾರ್?"

"ಹತ್ತಿಪ್ಪತ್ತು ಇರ್ತವೆ. ಯಾಕೆ?"

"ಅಲ್ಲ, ಸದ್ದು ಕೇಳಿದ್ರೆ ಎಲ್ಲರೂ ಬರ್ತಾರಲ್ಲ. ಒಬ್ಬರ ಬಾಗಿಲು ಸಡಿಲ, ಇನ್ನೊಬ್ಬರಿಗೆ ಪರದೆ ಸಿಕ್ಕಿಸೋಕೆ ತೂತು ಬೇಕು, ಡ್ರಿಲ್ಲು ಕೊಡಿ ಅಂತಾರೆ. ಕೊಡಲ್ಲ ಅನ್ನೋಕಾಗುತ್ತಾ? ಕೊಟ್ಟರೆ ವಾಪಸ್ ಬರುತ್ತಾ? ಕೊನೆಗೆ ನೀವೇ ಹೋಗಿ ಕೊರೆದುಕೊಡಬೇಕು."

ನಂಜರಾಜಯ್ಯನವರ ಗತ್ತು ಇಳಿಯಿತು. ಅವಳು ಮುಂದಿಟ್ಟ ಪುಟ್ಟ ಡ್ರಿಲ್ಲನ್ನು ಒತ್ತಿ ನೋಡಿದರು. ಗುಂಯ್ ಎಂದಿತು. ಪಕ್ಕದ ಗಿರಾಕಿ ತಿರುಗಿ ನೋಡಿದ.

ಅವರು ಥಟ್ಟನೆ ಅದನ್ನು ತಮ್ಮ ಕೈಲಿದ್ದ ಕೊಡೆಯ ಹಿಂದೆ ಮರೆಮಾಡಿ ಪಿಸುಗುಟ್ಟಿದರು: "ಇದಕ್ಕಿಂತ ಸಣ್ಣದು ಇಲ್ವೇನಮ್ಮಾ?"