ಕಿವಿ ಮುಟ್ಟಿ ಹೇಳಿದ ಮಂಗಳ

ಕಂಪ್ಯೂಟರ್ ಕೋಡಿನ ಹೊಟ್ಟೆಯೊಳಗೆ ‘ಇಲ್ಲಿಗೆ ಮುಗಿಯಿತು’ ಎನ್ನುವ ಟ್ಯಾಗನ್ನು ಬರೀ ಮಾತಾಗಿ ತುರುಕಿ, ಕೋಡು ಅರ್ಧಕ್ಕೇ ಮುಚ್ಚಿಕೊಂಡಾಗ ತಲೆ ಕೆರೆದುಕೊಳ್ಳುವವರಿಗೆ ನಾನು ಈ ಕಥೆ ಹೇಳುವುದುಂಟು. ಕಂಪ್ಯೂಟರ್ ಮುಟ್ಟದವರೂ ಕೇಳಬಹುದು. ಇದರಲ್ಲಿ ಮುಟ್ಟಬೇಕಾದ್ದು ಕಿವಿ ಮಾತ್ರ.

ಹೊಳೆಯ ದಂಡೆಯ ಆಶ್ರಮದಲ್ಲಿ ಅಚ್ಯುತದಾಸರು ಹರಿಕಥೆ ಕಲಿಸುತ್ತಿದ್ದರು. ಅಲ್ಲಿನ ಕಟ್ಟಳೆ ಇಷ್ಟೆ: ಕಥೆ ಹೇಳುವವನ ಬಾಯಿಂದ ‘ಮಂಗಳಂ’ ಬಂದರೆ ಕಥೆ ಮುಗಿಯಿತು. ಮೃದಂಗದ ಶೀನಪ್ಪ ಮುಕ್ತಾಯ ಬಾರಿಸುತ್ತಾನೆ, ಜನ ಪ್ರಸಾದಕ್ಕೆ ಏಳುತ್ತಾರೆ.

ಶಿಷ್ಯ ನರಹರಿಯ ಮೊದಲ ಕಥೆ, ರಾಜಕುಮಾರಿಯ ಮದುವೆ. “ಪೂರ್ತಿ ಹೇಳಿ ಮುಗಿಸು, ನನ್ನ ಗೆಜ್ಜೆ ನಿನ್ನದು” ಎಂದಿದ್ದರು ದಾಸರು.

ನಡುವೆ ಪುರೋಹಿತರು “ಮಂಗಳಂ” ಎಂದರು. ಕಥೆಯೊಳಗಿನ ಪುರೋಹಿತರು! ಶೀನಪ್ಪ ಬಾರಿಸಿಯೇ ಬಿಟ್ಟ. ಜನ ಎದ್ದರು. ಮದುಮಗಳು ಇನ್ನೂ ಹಸೆಗೇ ಬಂದಿರಲಿಲ್ಲ.

“ಶೀನಪ್ಪನವರೇ, ಅದು ಪುರೋಹಿತರು ಹೇಳಿದ್ದು!”

“ನನಗೆ ಕೇಳಿಸಿದ್ದು ನಿನ್ನ ಬಾಯಿಂದಲೇ ಕಣಪ್ಪ.”

ನರಹರಿ ಗುರುಗಳ ಬಳಿ ಓಡಿದ. “ಆ ಮಾತನ್ನೇ ತೆಗೆದುಬಿಡಲಾ ಗುರುಗಳೇ?”

“ಮಂಗಳವಿಲ್ಲದ ಮದುವೆ ಮಾಡಿಸ್ತೀಯೇನೋ? ಹೇಳೋ ಮುಂಚೆ ಎಡಗಿವಿ ಮುಟ್ಟು. ಮುಟ್ಟಿ ಹೇಳಿದ್ದು ಕಥೆಯವರ ಮಾತು, ಮುಟ್ಟದೆ ಹೇಳಿದ್ದು ನಿನ್ನ ಮಾತು. ಶೀನಪ್ಪನಿಗೂ ಜನಕ್ಕೂ ನಾನು ಹೇಳಿರ್ತೀನಿ.”

“ಕಥೆಯಲ್ಲೇ ಯಾರಾದರೂ ಕಿವಿ ಮುಟ್ಟಿಕೊಂಡರೆ?”

“ಎರಡು ಸಲ ಮುಟ್ಟು. ಮೊದಲನೆಯದು ಶೀನಪ್ಪನಿಗೆ ಸೂಚನೆ, ಎರಡನೆಯದು ಕಥೆಯವರು ಮುಟ್ಟಿಕೊಂಡದ್ದು.”

ಮರುದಿನ ಸಂಜೆ ಕಥೆ ಮತ್ತೆ ಶುರುವಾಯಿತು. ಯಾವ ಮಾತು ಎಲ್ಲಿ ಕೈ ಕೊಡುತ್ತದೋ ಎಂದು ನರಹರಿ ಎಲ್ಲದಕ್ಕೂ ಕಿವಿ ಮುಟ್ಟಿದ. ರಾಜ ಎಂದರೂ ಮುಟ್ಟಿದ, ಕುದುರೆ ಎಂದರೂ ಮುಟ್ಟಿದ. ಕಿವಿ ಕೆಂಪೇರಿತು. ಆದರೇನು, ಪುರೋಹಿತರ ಮಂಗಳ ಸಲೀಸಾಗಿ ದಾಟಿತು, ರಾಜಕುಮಾರಿಯ ಕೊರಳಿಗೆ ತಾಳಿಯೂ ಬಿತ್ತು.

ಕೊನೆಗೆ ನರಹರಿ ಕಿವಿ ಮುಟ್ಟಿ, “ಮಂಗಳಂ” ಎಂದ.

ಶೀನಪ್ಪ ಕದಲಲಿಲ್ಲ. ಜನವೂ ಕದಲಲಿಲ್ಲ. ನರಹರಿ ಮತ್ತೆ ಮುಟ್ಟಿ, ಗಟ್ಟಿಯಾಗಿ ಹೇಳಿದ. ಮುಂದೇನಾಯಿತು ಎಂದು ಎಲ್ಲರೂ ಬಾಯಿ ಬಿಟ್ಟುಕೊಂಡು ಕಾದರು. ಒಳಗಿನಿಂದ ಪುಳಿಯೋಗರೆಯ ವಾಸನೆ ಬರುತ್ತಿತ್ತು.

“ಗುರುಗಳೇ, ಕಥೆ ಮುಗೀತಾನೇ ಇಲ್ಲ!”

ದಾಸರು ಎದ್ದು ಬಂದರು. ತಮ್ಮ ಕಾಲಿನ ಗೆಜ್ಜೆ ಬಿಚ್ಚಿದರು. ಅದರಿಂದಲೇ ಶಿಷ್ಯನ ಎರಡೂ ಕೈಗಳನ್ನು ಕಟ್ಟಿದರು.

“ಇಷ್ಟು ಹೊತ್ತೂ ಕಥೆಯವರ ಮಾತಾಯ್ತು. ಒಂದಾದರೂ ನಿನ್ನ ಮಾತು ಹೇಳಪ್ಪ, ಎಲ್ಲರಿಗೂ ಹಸಿವಾಗಿದೆ.”