ಮರಳು ತುಂಬಿದ ಕೋಟು

ಗುಂಡು ಹೊಡೆಯೋ ಮೈದಾನದಾಗೆ ಬೆಂಚು ಒರೆಸಿ, ಕಾಡತೂಸಿಗೆ ಮದ್ದು ತುಂಬ್ತಿದ್ದೋನು ನಾನು. ಆದ್ರೂ ಮೈದಾನದ ಯಜಮಾನ ಸಾಹೇಬ್ರಿಗೆ ಬುದ್ಧಿ ಕಲಿಸಿದೋನು ನಾನೇ.

ಬೆಂಚಿನ ಮೇಲೆ ರೈಫಲ್ ಇಟ್ಟು ಹೊಡೆದಾಗೆಲ್ಲ ಅದು ಅವರ ಭುಜಕ್ಕೆ ಒದೀತಿತ್ತು. "ಲೋ, ಕಾಡತೂಸಿಗೆ ಮದ್ದು ಜಾಸ್ತಿ ತುಂಬಿದೀಯ. ನಾಳೆನೂ ಒದ್ರೆ ನಿನ್ನ ಕೆಲಸ ಹೋಯ್ತು!" ಅಂದ್ರು. ಭುಜಕ್ಕೆ ಒತ್ತು ಕೊಡೋಕೆ ದಿಂಬು ಕೊಟ್ರೆ, "ನಾನೇನು ಬಾಣಂತಿಯೇನೋ?" ಅಂತ ಎಸೆದ್ರು.

ನಾನು ಒಂದು ಕೋಟಿನ ಭುಜದೊಳಗೆ ಎರಡು ಸೇರು ಮರಳು ತುಂಬಿ ಹೊಲಿದೆ. "ದೊಡ್ಡ ಗುರಿಕಾರರೆಲ್ಲ ಇಂಥಾದ್ನೇ ಹಾಕೋದು, ಬುದ್ಧೀ" ಅಂದೆ.

ಮಾರನೇ ದಿನ ಆ ಕೋಟು ಹಾಕ್ಕೊಂಡು ಹೊಡೆದ್ರು, ಢಂ ಅಂತು. ಭುಜ ನೋಯಲಿಲ್ಲ. ಸಾಹೇಬ್ರು ನನ್ನ ಗುರಾಯಿಸಿದ್ರು. "ಕಳ್ಳ! ಇವತ್ತು ಮದ್ದು ಕದ್ದಿದೀಯ!"

"ಅದೇ ಕಾಡತೂಸು, ಬುದ್ಧೀ. ಕೋಟು ಬಿಚ್ಚಿ ಹೊಡೀರಿ, ಗೊತ್ತಾಯ್ತದೆ."

ಬಿಚ್ಚಿ ಹೊಡೆದ್ರು. ಕೂತಿದ್ದ ಸ್ಟೂಲ್ ಸಮೇತ ಹಿಂದಕ್ಕೆ ಬಿದ್ರು.

ಅವತ್ತಿಂದ ಏಪ್ರಿಲ್ ಬಿಸಿಲಾಗೂ ಕೋಟು ಬಿಚ್ಚಲಿಲ್ಲ. ನಾನೆಲ್ಲಿ ಅದನ್ನೂ ಕದ್ದುಬಿಡ್ತೀನೋ ಅಂತ ಅನುಮಾನ!