ಹೆಬ್ಬಾವಿನ ತೂಕ

ವರದಾ ನದಿಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಹೊತ್ತಿಗೂ ಅವಸರವಿರಲಿಲ್ಲ. ಬೆಳಗಿನ ಮಂಜು ನೀರಿನಿಂದ ಎದ್ದು ಬಂದು, ಅಂಗಳದಲ್ಲಿ ಸ್ವಲ್ಪ ಕೂತು, ಮನಸ್ಸಾದಾಗ ಹೋಗುತ್ತಿತ್ತು.

ಮಠದಲ್ಲಿದ್ದದ್ದು ಮೂರೇ ಜೀವ. ಗುರು ಮರುಳಜ್ಜ, ಅಡುಗೆ ಮಾಡುವ ಶಿಷ್ಯ ಗುದ್ಲೆಪ್ಪ, ಮತ್ತು ಒಂದು ಹೆಬ್ಬಾವು.

ನಾಲ್ಕು ವರ್ಷದ ಹಿಂದೆ ಹೊಳೆ ತುಂಬಿ ಬಂದಾಗ ಅದು ಮರಿಯಾಗಿ ಮಠದ ಮೆಟ್ಟಿಲಿಗೆ ಬಂದು ಬಿದ್ದಿತ್ತು. ಗುದ್ಲೆಪ್ಪ ಎತ್ತಿ ತಂದು ಖಾಲಿ ಕಣಜದ ಕೋಣೆಯಲ್ಲಿ ಸಾಕಿದ. ಬಲಿತ ಮೇಲೆ ಕಾಡಿಗೆ ಬಿಡಬೇಕು ಎಂದು ಅಜ್ಜ ಅವತ್ತೇ ಹೇಳಿದ್ದರು. ಗುದ್ಲೆಪ್ಪ ತಲೆಯಾಡಿಸಿದ್ದ. ತಲೆಯಾಡಿಸಲಿಕ್ಕೆ ಏನು ಕಷ್ಟ!

ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಐವತ್ತು ದಾಟಿದ ಆ ಒಂಟಿ ಮನುಷ್ಯನಿಗೆ ಹಾವೆಂದರೆ ಪ್ರಾಣ. ಮಧ್ಯಾಹ್ನ ಅದು ತೊಡೆಯ ಮೇಲೆ ತಣ್ಣಗೆ ಸುತ್ತಿಕೊಂಡು ಮಲಗಿದರೆ, ಹೊಳೆಯ ಸದ್ದು ಯಾವುದು, ತನ್ನ ಉಸಿರು ಯಾವುದು ಎಂದೇ ಅವನಿಗೆ ತಿಳಿಯುತ್ತಿರಲಿಲ್ಲ.

ಅಡುಗೆಯವನು ನೋಡಿ, ಅವನ ಪ್ರೀತಿಯೆಲ್ಲ ಬಡಿಸುವುದರಲ್ಲೇ. ತಿಂಗಳಿಗೆ ಎರಡು ಹೆಗ್ಗಣ ಸಾಕು ಎಂದು ಅಜ್ಜ ಹೇಳಿದ್ದರೆ ಇವನು ವಾರಕ್ಕೆ ಎರಡು ಹಾಕುತ್ತಿದ್ದ. ಹುಣ್ಣಿಮೆಗೊಮ್ಮೆ ಹಾವನ್ನು ಚೀಲದಲ್ಲಿಟ್ಟು, ಕಾಳು ತೂಗುವ ತಕ್ಕಡಿಯಲ್ಲಿ ತೂಗುತ್ತಿದ್ದ. ತಟ್ಟೆ ಇಳಿದಷ್ಟೂ ಅವನ ಮುಖ ಅರಳುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಇವನಿಗೆ ಹೆಗ್ಗಣ ನುಂಗುವುದೇ ಮುದ್ದು.

ಒಂದು ದಿನ ಹಾವು ಅಂಗಳದ ಅತ್ತಿಮರ ಹತ್ತಲು ಹೋಯಿತು. ಮೊದಲಾದರೆ ಗೋಡೆಯಾಚೆ ಚಾಚಿದ ಕೊಂಬೆ ಮುಟ್ಟುತ್ತಿತ್ತು, ಗುದ್ಲೆಪ್ಪ ಹತ್ತಿ ಇಳಿಸಿ ತರುತ್ತಿದ್ದ. ಈಗ ಆಳೆತ್ತರ ಹೋಗಿ, ಜಾರಿ, ಧೊಪ್ಪನೆ ಬಿತ್ತು.

ಗುದ್ಲೆಪ್ಪ ಓಡಿಹೋಗಿ ಅದನ್ನು ಎತ್ತಿಕೊಂಡ. ಅಯ್ಯೋ ಪಾಪ, ಮೈಯಲ್ಲಿ ಕಸುವಿಲ್ಲ ಎಂದುಕೊಂಡು ಆ ವಾರ ಇನ್ನೊಂದು ಹೆಗ್ಗಣ ಹೆಚ್ಚಿಗೆ ಹಾಕಿದ.

ಮೂರನೆಯ ಸಲ ಬಿದ್ದ ಮೇಲೆ ಹಾವು ಎರಡು ದಿನ ಮಿಸುಕಲಿಲ್ಲ. ಉಸಿರೆಳೆಯಲೂ ಒದ್ದಾಡುತ್ತಿತ್ತು. ಗುದ್ಲೆಪ್ಪ ಅಜ್ಜನನ್ನು ಕರೆತಂದ. ತಿಂಗಳು ತಿಂಗಳೂ ತೂಕ ಏರಿದೆ, ಆದರೂ ಹೀಗೇಕಾಯಿತು ಎಂದು ತಕ್ಕಡಿ ತೋರಿಸಿ ಅತ್ತ.

ಅಜ್ಜ ತಕ್ಕಡಿಯ ಕಡೆ ನೋಡಲೂ ಇಲ್ಲ. ಹಾವಿನ ಪಕ್ಕ ಕೂತರು.

"ಕಣ್ಣು ಮುಚ್ಚು. ಬೆನ್ನ ಮ್ಯಾಲೆ ಕೈ ಆಡಿಸು."

ಗುದ್ಲೆಪ್ಪ ಹಾಗೇ ಮಾಡಿದ.

"ಎಲುಬು ಸಿಕ್ತೇನು?"

"ಇಲ್ರಿ ಅಜ್ಜಾರ. ಎಲುಬಿನ ಜಾಗದಾಗ ಕಾಲುವಿ ಬಿದ್ದೈತಿ. ಎರಡೂ ಕಡೆ ಮೈ ಉಬ್ಬೈತಿ."

ಹೊಟ್ಟೆಗಿಲ್ಲದ ಹಾವಿನ ಬೆನ್ನೆಲುಬು ಕೈಗೆ ಚುಚ್ಚುತ್ತದೆ ಎಂದು ಅಜ್ಜ ನಿಧಾನವಾಗಿ ಹೇಳಿದರು. ಸರಿಯಿದ್ದ ಹಾವಿನ ಮೈ ದುಂಡಗಿರುತ್ತದೆ, ಎಲುಬು ಕಂಬಳಿಯೊಳಗಿನ ಹಗ್ಗದಂತೆ ಬೆರಳಿಗಷ್ಟೇ ಗೊತ್ತಾಗುತ್ತದೆ. ಆಮೇಲೆ ಅವನ ಕಣ್ಣು ತೆರೆಸಿ ಹಾವಿನ ಪಕ್ಕೆ ತೋರಿಸಿದರು. ಹುರುಪೆಗಳು ಒಂದರಿಂದೊಂದು ದೂರ ಸರಿದು, ನಡುವೆ ಚರ್ಮ ಬಿಗಿದುಕೊಂಡಿತ್ತು.

ಬಡಿಸಿ ಬಡಿಸಿ ತಾನೇ ಇದನ್ನು ಕೊಲ್ಲುತ್ತಿದ್ದೇನೆ ಎಂದು ಗುದ್ಲೆಪ್ಪನಿಗೆ ಆಗ ತಿಳಿಯಿತು. ನಾಚಿಕೆಯಾಯಿತು. ನಾಚಿಕೆಗಿಂತ ಭಯ ಹೆಚ್ಚಾಯಿತು.

"ಎರಡು ತಿಂಗಳು ನೀರಷ್ಟೇ ಇಡು," ಅಂದರು ಅಜ್ಜ. "ಬಡಿಸೋ ಹೊತ್ತಿಗೆ ಬರಿಗೈಲೆ ಬಂದು ಕೂಡು."

ಅವನು ಬಂದು ಕೂತ. ಕಿಟಕಿಯ ಬಿಸಿಲು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆದುಹೋಗುತ್ತಿತ್ತು. ಹಾವು ಅವನನ್ನು ನೋಡುತ್ತಿತ್ತೋ, ನಿದ್ದೆಯಲ್ಲಿತ್ತೋ. ಅವನೂ ಹಾಗೆಯೇ, ಎಚ್ಚರವೋ ಕನಸೋ ಒಂದೂ ತಿಳಿಯದು. ಕೈ ಮಾತ್ರ ಏನಾದರೂ ಕೊಡಲಿಕ್ಕೆ ತಡಕಾಡುತ್ತಿತ್ತು.

ಒಂದು ಮಧ್ಯಾಹ್ನ ತಡೆಯಲಾರದೆ ಬೋನಿನಲ್ಲಿ ಬಿದ್ದ ಹೆಗ್ಗಣವನ್ನು ಬಾಗಿಲವರೆಗೂ ತಂದ. ಬಾಯಲ್ಲಿ ಏನೋ ಗುನುಗುತ್ತಿದ್ದ. ತಿನ್ನು ತಿನ್ನು ಅನ್ನುತ್ತಿದ್ದೇನೆ ಎಂದುಕೊಂಡಿದ್ದ. ಕಿವಿಗೊಟ್ಟರೆ, ಹೋಗಬ್ಯಾಡ, ಹೋಗಬ್ಯಾಡ ಅನ್ನುತ್ತಿದ್ದ.

ಹೆಗ್ಗಣವನ್ನು ಹಿತ್ತಲಾಚೆ ಬಿಟ್ಟು ಅಜ್ಜನ ಮುಂದೆ ಹೋಗಿ ನಿಂತ.

"ಅಜ್ಜಾರ, ಅದು ಮರ ಹತ್ತಿದ್ರ ಗೋಡಿ ದಾಟಿ ಕಾಡಿಗೆ ಹೋಗ್ತೈತಿ. ಅದಕ್ಕ ನಾನು..."

ಅವತ್ತು ಅಜ್ಜನೇ ಅವನಿಗೆ ತಟ್ಟೆ ಹಾಕಿ ಅನ್ನ ಬಡಿಸಿದರು.

ಎರಡು ತಿಂಗಳು ಅಂದದ್ದು ನಾಲ್ಕಾಯಿತು. ನಡುವೆ ಒಂದೇ ಒಂದು ಇಲಿ ಕೊಟ್ಟರು. ಒಂದು ಬೆಳಗ್ಗೆ ಗುದ್ಲೆಪ್ಪ ಕಣ್ಣು ಮುಚ್ಚಿ ಹಾವಿನ ಬೆನ್ನು ಸವರಿದ. ದುಂಡಗಿನ ಮೈಯೊಳಗೆ ಎಲುಬು ಬೆರಳಿಗೆ ಮೆತ್ತಗೆ ಸಿಕ್ಕಿತು. ಸಂತೋಷವೂ ಸಂಕಟವೂ ಒಟ್ಟಿಗೇ ಬಂದವು. ಆದರೂ ಎದ್ದು ತಾನೇ ಬಾಗಿಲು ತೆರೆದ.

ಹಾವು ಅಂಗಳ ದಾಟಿ ಅತ್ತಿಮರ ಹತ್ತಿತು. ಈ ಸಲ ಎಲ್ಲೂ ಜಾರಲಿಲ್ಲ. ಗೋಡೆಯಾಚೆ ಚಾಚಿದ ಕೊಂಬೆಯ ಮೇಲೆ ಹರಿದು, ಸ್ವಲ್ಪ ಸ್ವಲ್ಪವಾಗಿ ಮಂಜಿನೊಳಗೆ ಹೋಯಿತು. ಕೊನೆಗೆ ಬರೀ ಕೊಂಬೆ ತೂಗುತ್ತಿತ್ತು. ಆಮೇಲೆ ಅದೂ ನಿಂತಿತು.

ಅಜ್ಜ ಬಂದು ಗುದ್ಲೆಪ್ಪನ ಪಕ್ಕದಲ್ಲಿ ನಿಂತರು.

"ಮತ್ತ ಬರ್ತೈತೇನ್ರಿ ಅಜ್ಜಾರ?"

ಅಜ್ಜ ಅವನ ಹೆಗಲ ಮೇಲೆ ಕೈಯಿಟ್ಟರು.

"ಬಂದ್ರ ಬೆನ್ನು ಸವರಿ ನೋಡು. ಬರದಿದ್ರ, ಮೈ ಸರಿ ಐತಿ ಅಂತ ತಿಳಕೋ."